ಅಡ್ಡಹಾಯುವಿಕೆ ನಡೆದದ್ದು ಯಾವ ಗಿಡದಲ್ಲಿ?

ಆತ್ಮೀಯರೇ,

ನಮಸ್ಕಾರ. ‘ಬೆರೆಯುವ ಬೀಜಗಳು’ ಎಂಬ ನಿಮ್ಮ ಲೇಖನ ಕುಮಟಾದಿಂದ ಬಂದು ಮೂರು ವಾರಗಳಾದವು. ಎರಡು ಸಲ ಓದಿದೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿದೆ. ಕಾರವಾರದಿಂದ ಹೊರಡುವ ನಮ್ಮ ಈ ಸಣ್ಣ ಮಾಸಿಕದಲ್ಲಿ ಅದನ್ನು ಈಗಿರುವ ರೂಪದಲ್ಲಿ ಪ್ರಕಟಿಸಲು ಸಾಧ್ಯವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಮಿಯಾಸಿಸ್, ಅಂದರೆ ಪರಾಗ ಮತ್ತು ಅಂಡ ತಯಾರಾಗುವಾಗಿನ ಕೋಶ ವಿಭಜನೆಯ ವೇಳೆ ನಡೆಯುವ ವಂಶವಾಹಿಗಳ (ಜೀನ್‌ಗಳ) ಮರುಸಂಯೋಜನೆಯನ್ನು, ಅದು ತಳಿ ಅಭಿವೃದ್ಧಿಗೆ ಒದಗುವ ಬಗೆಯನ್ನು ನಮ್ಮ ಕರಾವಳಿಯ ಓದುಗರಿಗೆ ಕನ್ನಡದಲ್ಲಿ ಹೇಳಬೇಕೆಂದು ಹೊರಟವರು ಬಹಳ ಕಡಿಮೆ, ನೀವು ಹೊರಟಿದ್ದೀರಿ. ಆದ್ದರಿಂದಲೇ ತಪ್ಪುಗಳನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ನಿಮ್ಮ ಎರಡನೆಯ ಪುಟದಲ್ಲಿ ಈ ವಾಕ್ಯವಿದೆ: ‘ಎರಡು ತಳಿಗಳನ್ನು ಸಂಕರಗೊಳಿಸಿದಾಗ, ಪರಾಗವು ಶಲಾಕೆಯ ಮೇಲೆ ಬಿದ್ದ ಕ್ಷಣದಲ್ಲಿ ತಂದೆ ತಾಯಿಯರ ವಂಶವಾಹಿಗಳು ಇಸ್ಪೀಟು ಎಲೆಗಳಂತೆ ಕಲಸಿಹೋಗಿ ಹೊಸ ತಳಿ ಹುಟ್ಟುತ್ತದೆ.’ ಇಡೀ ಲೇಖನ ನಿಂತಿರುವುದು ಈ ವಾಕ್ಯದ ಮೇಲೆ, ಮತ್ತು ಈ ವಾಕ್ಯ ತಪ್ಪು. ಕಲಸುವ ಕೆಲಸ ನಡೆಯುವುದು ಪರಾಗ ಬೀಳುವಾಗ ಅಲ್ಲ. ಪರಾಗದ ಕಣ ತಯಾರಾಗುವ ಮೊದಲೇ, ತೆನೆ ಇನ್ನೂ ಹೊರಗೆ ಬಾರದೆ ಗಿಡ ಹೊಡೆಯಾಗಿರುವಾಗಲೇ, ಎಲೆಯ ಸುರುಳಿಯೊಳಗೆ ಅವಿತಿರುವ ಎಳೆಯ ಪರಾಗಕೋಶಗಳಲ್ಲಿ ಅದು ಮುಗಿದಿರುತ್ತದೆ, ಅಂಡಾಶಯದೊಳಗೂ ಅಷ್ಟೆ. ನಾವು ಗದ್ದೆಯಲ್ಲಿ ಭತ್ತ ಹೂಬಿಟ್ಟದ್ದನ್ನು ಕಂಡು ಹರ್ಷಪಡುವ ಹೊತ್ತಿಗೆ ಪ್ರತಿ ಪರಾಗದ ಕಣದ ಹಣೆಬರಹ ಬರೆದಾಗಿರುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ತಲೆಮಾರಿನದು, ಮತ್ತು ನನ್ನ ಪತ್ರದ ಮುಖ್ಯ ಮಾತೂ ಇದೇ. ಭತ್ತದ ಎರಡು ಶುದ್ಧ ತಳಿಗಳನ್ನು ಸಂಕರಗೊಳಿಸಿದಿರಿ ಎಂದುಕೊಳ್ಳಿ. ಹುಟ್ಟಿದ ಮೊದಲ ಪೀಳಿಗೆಯ ಗಿಡದಲ್ಲಿ ತಾಯಿಯಿಂದ ಬಂದ 12 ವರ್ಣತಂತುಗಳು (ವಂಶವಾಹಿಗಳನ್ನು ಹೊತ್ತ ಎಳೆಗಳು), ತಂದೆಯಿಂದ ಬಂದ 12 ವರ್ಣತಂತುಗಳು ಅಕ್ಕಪಕ್ಕದಲ್ಲಿ ಇರುತ್ತವೆಯೇ ಹೊರತು ಒಂದರ ತುಂಡು ಇನ್ನೊಂದಕ್ಕೆ ಹೋಗಿರುವುದಿಲ್ಲ. ಹಾಗಾಗಿಯೇ ಆ ಪೀಳಿಗೆಯ ಗಿಡಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದಂತೆ ಕಾಣುತ್ತವೆ. ಆ ಗಿಡ ಬೆಳೆದು, ಹೊಡೆಗಟ್ಟಿ, ತನ್ನದೇ ಪರಾಗವನ್ನು ತಯಾರಿಸಲು ತೊಡಗಿದಾಗ ಮಾತ್ರ ತಂದೆಯ ವರ್ಣತಂತುವೂ ತಾಯಿಯ ವರ್ಣತಂತುವೂ ಮೊದಲ ಬಾರಿಗೆ ಮೈಗೆ ಮೈ ತಾಗಿಸಿ ಜೋಡಿಯಾಗಿ ತುಂಡುಗಳನ್ನು ಬದಲಾಯಿಸಿಕೊಳ್ಳುತ್ತವೆ. ಅಡ್ಡಹಾಯುವಿಕೆ ಎಂದರೆ ಇದೇ. ಅದರ ಫಲ ನಮ್ಮ ಕಣ್ಣಿಗೆ ಬೀಳುವುದು ಎರಡನೆಯ ಪೀಳಿಗೆಯಲ್ಲಿ: ಒಂದು ಎತ್ತರ, ಒಂದು ಗಿಡ್ಡ, ಒಂದು ಬೇಗ ಬಲಿಯುವುದು, ಒಂದು ತಡ. ತಳಿ ತಜ್ಞರು ಮೊದಲ ಪೀಳಿಗೆಯಲ್ಲಿ ಹತ್ತಾರು ಗಿಡಗಳನ್ನು ಬೆಳೆಸಿ, ಎರಡನೆಯದರಲ್ಲಿ ನೂರಾರು ಸಾವಿರಾರು ಗಿಡಗಳನ್ನು ನೆಡುವುದು ಇದೇ ಕಾರಣಕ್ಕೆ. ನೀವು ಆ ಒಂದು ತಲೆಮಾರನ್ನು ಹಾರಿಸಿಬಿಟ್ಟಿದ್ದೀರಿ. ಹಾರಿಸಿದ್ದರಿಂದ ಇಷ್ಟೊಂದು ಗಿಡ ಏಕೆ ಬೇಕು, ಇಷ್ಟು ವರ್ಷ ಏಕೆ ಹಿಡಿಯುತ್ತದೆ ಎಂಬ ಪ್ರಶ್ನೆಗಳಿಗೆ ನಿಮ್ಮ ಲೇಖನದಲ್ಲಿ ಉತ್ತರವೇ ಸಿಗುವುದಿಲ್ಲ.

ಇಸ್ಪೀಟಿನ ಹೋಲಿಕೆಯನ್ನೂ ದಯವಿಟ್ಟು ಬಿಡಿ. ಇಸ್ಪೀಟಿನ ಎಲೆಗಳು ಬಿಡಿಬಿಡಿ. ಯಾವ ಎಲೆಯ ಪಕ್ಕಕ್ಕೆ ಯಾವುದಾದರೂ ಬರಬಹುದು. ವಂಶವಾಹಿಗಳು ಹಾಗಲ್ಲ, ಅವು ಪೋಣಿಸಿದವು. ಕಾರವಾರದ ಮಾರುಕಟ್ಟೆಯಲ್ಲಿ ಹೂವಿನವರ ಬುಟ್ಟಿಯನ್ನು ನೆನಪಿಸಿಕೊಳ್ಳಿ. ಒಂದು ಮೊಳ ಮಲ್ಲಿಗೆ ದಂಡೆ, ಒಂದು ಮೊಳ ಅಬ್ಬಲಿಗೆ (ಕನಕಾಂಬರ) ದಂಡೆ. ಎರಡನ್ನೂ ಒತ್ತಟ್ಟಿಗೆ ಹಿಡಿದು, ಒಂದೇ ಅಳತೆಯಲ್ಲಿ ಕತ್ತರಿಸಿ, ಮಲ್ಲಿಗೆಯ ತುದಿಯನ್ನು ಅಬ್ಬಲಿಗೆಗೂ ಅಬ್ಬಲಿಗೆಯ ತುದಿಯನ್ನು ಮಲ್ಲಿಗೆಗೂ ಗಂಟುಹಾಕಿದರೆ ಸಿಗುವುದು ಅರ್ಧ ಬಿಳಿ, ಅರ್ಧ ಕೇಸರಿಯ ಎರಡು ದಂಡೆಗಳು. ಕತ್ತರಿ ಬಿದ್ದ ಜಾಗವನ್ನು ಬಿಟ್ಟರೆ ಉಳಿದ ಹೂವುಗಳೆಲ್ಲ ತಮ್ಮ ಹಳೆಯ ನೆರೆಯವರ ಜೊತೆಗೇ ಇರುತ್ತವೆ. ಈ ಹೋಲಿಕೆಯೂ ಪೂರ್ಣವಲ್ಲ. ನಿಜದಲ್ಲಿ ಆ ಹೊತ್ತಿಗೆ ಪ್ರತಿ ದಂಡೆಯೂ ಇಮ್ಮಡಿಯಾಗಿ ನಾಲ್ಕು ಎಳೆಗಳಿರುತ್ತವೆ, ಒಂದು ಅಡ್ಡಹಾಯುವಿಕೆಯಲ್ಲಿ ಭಾಗವಹಿಸುವುದು ಅವುಗಳಲ್ಲಿ ಎರಡು ಮಾತ್ರ. ಆದರೂ ಓದುಗರಿಗೆ ಮುಟ್ಟಿಸಬೇಕಾದ ಮುಖ್ಯ ಸಂಗತಿ ಇದರಲ್ಲಿದೆ: ದೂರದ ಹೂವುಗಳು ಸುಲಭವಾಗಿ ಬೇರೆಯಾಗುತ್ತವೆ, ಹತ್ತಿರದವು ಬೇರೆಯಾಗುವುದು ಕಷ್ಟ.

ಎಷ್ಟು ಕಷ್ಟ ಎಂಬುದನ್ನು ನೀವು ಲೆಕ್ಕದಲ್ಲಿ ತೋರಿಸಬೇಕಿತ್ತು. ಭತ್ತದ ಪ್ರತಿ ಜೋಡಿ ವರ್ಣತಂತುವಿನಲ್ಲಿ ಒಂದು ಮಿಯಾಸಿಸ್‌ಗೆ ಸಾಮಾನ್ಯವಾಗಿ ಒಂದೆರಡು ಅಡ್ಡಹಾಯುವಿಕೆಗಳಷ್ಟೇ ನಡೆಯುತ್ತವೆ. ಕನಿಷ್ಠ ಒಂದಾದರೂ ನಡೆಯಲೇಬೇಕು, ಇಲ್ಲವಾದರೆ ಜೋಡಿಗಳು ಒಂದನ್ನೊಂದು ಹಿಡಿದುಕೊಳ್ಳಲಾರದೆ ಕೋಶ ವಿಭಜನೆಯೇ ಹಳಿ ತಪ್ಪುತ್ತದೆ. ನಿಮ್ಮ ಲೇಖನ ‘ಲಕ್ಷಾಂತರ ಕಡೆ ಕಲಸುತ್ತದೆ’ ಎನ್ನುತ್ತದೆ. ಇಲ್ಲ, ಕೆಲವೇ ಕಡೆ. ಒಳ್ಳೆಯ ಗುಣದ ವಂಶವಾಹಿಯ ಪಕ್ಕದಲ್ಲೇ, ನೂರು ಪರಾಗಗಳಲ್ಲಿ ಒಂದರಲ್ಲಿ ಮಾತ್ರ ಬೇರ್ಪಡುವಷ್ಟು ಹತ್ತಿರದಲ್ಲಿ, ಬೇಡದ ಗುಣದ ವಂಶವಾಹಿಯೊಂದು ಕುಳಿತಿದೆ ಎಂದಿಟ್ಟುಕೊಳ್ಳೋಣ. ಅವೆರಡು ಬೇರೆಯಾದ ಒಂದು ಗಿಡವಾದರೂ ಸಿಕ್ಕೀತೆಂಬ ಭರವಸೆ ಶೇ. 95ರಷ್ಟು ಬೇಕಾದರೆ, ಹಿಮ್ಮುಖ ಸಂಕರಣದಲ್ಲಿ, ಅಂದರೆ ಸಂಕರ ಗಿಡವನ್ನು ಮೂಲ ತಳಿಯೊಂದಿಗೇ ಮತ್ತೆ ಸಂಕರಗೊಳಿಸಿದಾಗ, ಬೇಕಾದ ವಂಶವಾಹಿ ಇರುವ ಸುಮಾರು 300 ಸಸಿಗಳನ್ನು ಪರೀಕ್ಷಿಸಬೇಕಾಗುತ್ತದೆ. ಬೇಡದ್ದು ಎರಡೂ ಬದಿಯಲ್ಲಿ ಅಷ್ಟೇ ಹತ್ತಿರ ಇದ್ದರೆ, ಎರಡು ಕಡೆಯೂ ಒಂದೇ ಬಾರಿಗೆ ಕತ್ತರಿ ಬೀಳುವ ಸಂಭವ ಹತ್ತು ಸಾವಿರಕ್ಕೆ ಒಂದು. ಒಂದು ಅಡ್ಡಹಾಯುವಿಕೆ ತನ್ನ ಹತ್ತಿರದಲ್ಲಿ ಇನ್ನೊಂದನ್ನು ತಡೆಯುವುದರಿಂದ ಅದಕ್ಕಿಂತಲೂ ಕಡಿಮೆ. ಅನುಭವಿ ತಜ್ಞರು ಅದಕ್ಕೇ ದುರಾಸೆ ಪಡುವುದಿಲ್ಲ. ಒಂದು ಬದಿಯ ಕತ್ತರಿಯನ್ನು ಒಂದು ಪೀಳಿಗೆಯಲ್ಲಿ ಹುಡುಕುತ್ತಾರೆ, ಇನ್ನೊಂದು ಬದಿಯದನ್ನು ಮುಂದಿನ ಪೀಳಿಗೆಯಲ್ಲಿ. ಈ ತಾಳ್ಮೆಯ ಲೆಕ್ಕಾಚಾರ ನನಗೆ ಈ ವಿಷಯದ ಅತ್ಯಂತ ಸುಂದರವಾದ ಭಾಗವೆನಿಸುತ್ತದೆ. ನಿಮ್ಮ ಲೇಖನದಲ್ಲಿ ಇದರ ಸುಳಿವೂ ಇಲ್ಲದ್ದು ನನಗೆ ಬೇಸರ ತಂದಿತು.

ಉದಾಹರಣೆಗೆ ನೀವು ಸ್ವರ್ಣಾ ಸಬ್1 ಭತ್ತವನ್ನು ಹೆಸರಿಸಿ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಅದಕ್ಕೆ ಒಂದು ಪುಟವಾದರೂ ಕೊಡಿ. ಒಡಿಶಾದ ಎಫ್‌ಆರ್13ಎ ಎಂಬ ಭತ್ತ ಎರಡು ವಾರ ನೀರಿನಡಿ ಮುಳುಗಿದ್ದರೂ ಸಾಯದೆ ಮೇಲೇಳುತ್ತದೆ, ಆದರೆ ಇಳುವರಿ ಕಡಿಮೆ. ಮುಳುಗಡೆ ತಾಳುವ ಆ ಗುಣಕ್ಕೆ ಮುಖ್ಯ ಕಾರಣವಾದ ಸಬ್1 ಭಾಗ 9ನೆಯ ವರ್ಣತಂತುವಿನಲ್ಲಿದೆ ಎಂಬುದು 1996ರಲ್ಲಿ ತಿಳಿಯಿತು, ಅದರೊಳಗಿನ ವಂಶವಾಹಿ ಯಾವುದೆಂಬುದು 2006ರಲ್ಲಿ. ಅದಕ್ಕೂ ಮೊದಲು ಎಫ್‌ಆರ್13ಎ ಜೊತೆ ಸಂಕರ ಮಾಡಿ ಪಡೆದ ಗಿಡಗಳಲ್ಲಿ ಮುಳುಗಡೆ ತಾಳಿಕೆಯೊಂದಿಗೆ ಬೇಡದ ಗುಣಗಳೂ ಉಳಿದುಬಿಡುತ್ತಿದ್ದವು. ಡಿಎನ್‌ಎ ಗುರುತುಗಳು, ಅಂದರೆ ವರ್ಣತಂತುವಿನ ಯಾವ ಭಾಗ ಯಾವ ತಳಿಯದೆಂದು ತೋರಿಸುವ ಗುರುತುಗಳು, ಕೈಗೆ ಬಂದ ಮೇಲೆ, ಸಸಿ ಚಿಕ್ಕದಿರುವಾಗಲೇ ಎಲೆಯ ತುಣುಕೊಂದನ್ನು ಪರೀಕ್ಷಿಸಿ, ಕತ್ತರಿ ಸರಿಯಾದ ಜಾಗದಲ್ಲಿ ಬಿದ್ದ ಗಿಡವನ್ನೇ ಆರಿಸಿ, ಮತ್ತೆ ಮತ್ತೆ ಹೆಚ್ಚು ಇಳುವರಿಯ ಸ್ವರ್ಣಾ ತಳಿಯೊಂದಿಗೆ ಸಂಕರಗೊಳಿಸುವುದು ಸಾಧ್ಯವಾಯಿತು. 2009ರಲ್ಲಿ ಸ್ವರ್ಣಾ ಸಬ್1 ಭಾರತದಲ್ಲಿ ಬಿಡುಗಡೆಯಾಯಿತು. ‘ವಿಜ್ಞಾನಿಗಳು ಬೇಕಾದ ವಂಶವಾಹಿಯನ್ನು ಕತ್ತರಿಸಿ ಸೇರಿಸಿದರು’ ಎಂದು ನೀವು ಬರೆದಿರುವುದು ಆದ್ದರಿಂದ ಸರಿಯಲ್ಲ. ಕತ್ತರಿ ಹಾಕಿದ್ದು ಗಿಡ, ತನ್ನ ಮಿಯಾಸಿಸ್‌ನಲ್ಲಿ, ತನಗೆ ತೋಚಿದ ಜಾಗದಲ್ಲಿ. ತಜ್ಞರು ಮಾಡಿದ್ದು ಕಾಯುವ ಕೆಲಸ ಮತ್ತು ಆರಿಸುವ ಕೆಲಸ.

ಕಗ್ಗ ಭತ್ತದ ವಿಷಯಕ್ಕೆ ಬರುತ್ತೇನೆ. ಅಘನಾಶಿನಿ ನದೀಮುಖದ ಗಜನಿ ಗದ್ದೆಯವರು ನೀವು. ಉಪ್ಪುನೀರು ನುಗ್ಗಿದರೂ ಜೀವ ಹಿಡಿದುಕೊಂಡು ನಿಲ್ಲುವ ಕಗ್ಗ ಭತ್ತವನ್ನು ನೋಡುತ್ತಲೇ ಬೆಳೆದವರು. ಕೇರಳದ ಪೊಕ್ಕಾಳಿ ಭತ್ತದಲ್ಲಿ ಸಿಕ್ಕ ಸಾಲ್ಟಾಲ್ ಎಂಬ ವರ್ಣತಂತು ಭಾಗವೇ ಕಗ್ಗದ ತಾಳಿಕೆಗೂ ಕಾರಣವೆಂದು ಬರೆದಿದ್ದೀರಿ, ಆದರೆ ಅದಕ್ಕೆ ಆಧಾರ ಕೊಟ್ಟಿಲ್ಲ. ಆಧಾರವಿದ್ದರೆ ಕಳುಹಿಸಿ, ಇಲ್ಲವಾದರೆ ಆ ಸಾಲನ್ನು ತೆಗೆದುಹಾಕಿ. ನಮ್ಮ ಊರಿನ ಬೆಳೆಯ ಮೇಲಿನ ಅಭಿಮಾನ ಪುರಾವೆಯ ಜಾಗದಲ್ಲಿ ಕೂರಬಾರದು. ಪೊಕ್ಕಾಳಿಯ ಬಗ್ಗೆ ಖಚಿತವಾಗಿ ಹೇಳಬಹುದಾದದ್ದು ನಿಮ್ಮ ಲೇಖನಕ್ಕೆ ಬಹಳ ಉಪಯುಕ್ತವಾಗಿದೆ: ಸಾಲ್ಟಾಲ್ ಇರುವುದು 1ನೆಯ ವರ್ಣತಂತುವಿನಲ್ಲಿ, ಅದು ನೆರವಾಗುವುದು ಮುಖ್ಯವಾಗಿ ಸಸಿಯ ಹಂತದಲ್ಲಿ. ಆಧುನಿಕ ಭತ್ತದ ಗಿಡ್ಡತನಕ್ಕೆ ಕಾರಣವಾದ ಎಸ್‌ಡಿ1 ವಂಶವಾಹಿಯೂ ಅದೇ 1ನೆಯ ವರ್ಣತಂತುವಿನಲ್ಲಿದೆ, ಆದರೆ ಬಲು ದೂರದಲ್ಲಿ, ಇನ್ನೊಂದು ಭುಜದಲ್ಲಿ. ಒಂದೇ ದಂಡೆಯಲ್ಲಿ ದೂರ ದೂರದ ಎರಡು ಹೂವುಗಳು. ಹಾಗಾಗಿ ಎತ್ತರದ ಪೊಕ್ಕಾಳಿಯಿಂದ ಉಪ್ಪಿನ ತಾಳಿಕೆಯನ್ನು ತೆಗೆದುಕೊಂಡು ಗಿಡ್ಡ ತಳಿಯ ಗಿಡ್ಡತನವನ್ನು ಉಳಿಸಿಕೊಳ್ಳುವುದಕ್ಕೆ ಒಂದೇ ವರ್ಣತಂತುವಿನಲ್ಲಿರುವ ಆ ನಂಟು ಅಡ್ಡ ಬರುವುದಿಲ್ಲ. ದೂರ ಮತ್ತು ಹತ್ತಿರದ ವ್ಯತ್ಯಾಸವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ.

ಕಗ್ಗದ ಬಗ್ಗೆ ನೀವು ಎತ್ತಿದ ಒಂದು ಪ್ರಶ್ನೆ ಮಾತ್ರ ಬಹಳ ಚೆನ್ನಾಗಿದೆ: ವರ್ಷ ವರ್ಷವೂ ಮಿಯಾಸಿಸ್ ನಡೆದು ವಂಶವಾಹಿಗಳು ಕಲಸಿಹೋಗುತ್ತಿದ್ದರೆ ಕಗ್ಗ ಕಗ್ಗವಾಗಿಯೇ ಉಳಿದದ್ದು ಹೇಗೆ? ಪ್ರಶ್ನೆ ಕೇಳಿ ‘ಇದು ಪ್ರಕೃತಿಯ ಚಮತ್ಕಾರ’ ಎಂದು ಬಿಟ್ಟಿದ್ದೀರಿ. ಉತ್ತರ ದಂಡೆಯಲ್ಲೇ ಇದೆ. ಭತ್ತ ಬಹುಪಾಲು ತನ್ನದೇ ಪರಾಗದಿಂದ ಕಾಳುಕಟ್ಟುವ ಬೆಳೆ. ಹಲವು ತಲೆಮಾರು ಹೀಗೆ ನಡೆದಾಗ ಜೋಡಿಯ ಎರಡು ವರ್ಣತಂತುಗಳೂ ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತವೆ. ಮಲ್ಲಿಗೆ ದಂಡೆಯ ತುದಿಯನ್ನು ಮಲ್ಲಿಗೆ ದಂಡೆಗೇ ಕಟ್ಟಿದರೆ ಯಾರಿಗೆ ಗೊತ್ತಾಗುತ್ತದೆ? ಅಡ್ಡಹಾಯುವಿಕೆ ತಪ್ಪದೆ ನಡೆಯುತ್ತದೆ, ಆದರೆ ಬದಲಾವಣೆ ಕಾಣುವುದಿಲ್ಲ.

ಶಿರಸಿ ಸೀಮೆಯ ಅಪ್ಪೆಮಿಡಿ ಮತ್ತು ಕಾಳುಮೆಣಸಿನ ಭಾಗದಲ್ಲಿ ನೀವು ಎಡವಿದ್ದೀರಿ. ಕಸಿ ಕಟ್ಟಿದ ಅಪ್ಪೆಮಿಡಿ ಗಿಡದಲ್ಲಿ ‘ಹೊಸ ಸಂಯೋಜನೆ ಮೂಡುತ್ತದೆ’ ಎಂಬುದು ತಪ್ಪು. ಕಸಿಗೆ ಬಳಸುವ ಕಡ್ಡಿ ಮಿಯಾಸಿಸ್ ದಾಟಿ ಬಂದದ್ದಲ್ಲ, ಆದ್ದರಿಂದಲೇ ಆ ಪರಿಮಳ ಕೆಡದೆ ಉಳಿಯುತ್ತದೆ. ಅದೇ ಮರದ ಓಟೆಯನ್ನು ನೆಟ್ಟರೆ ಮಿಡಿಯ ಸೊಗಡು ಹಾಗೆಯೇ ಬರುತ್ತದೆಂಬ ಭರವಸೆಯಿಲ್ಲ. ಇಲ್ಲಿ ಭತ್ತಕ್ಕೂ ಇವುಗಳಿಗೂ ಇರುವ ಭೇದವನ್ನು ಗಮನಿಸಿ. ಮಾವಿನ ಮರದ, ಮೆಣಸಿನ ಬಳ್ಳಿಯ ಒಳಗಿನ ಜೋಡಿಗಳು ಮೊದಲೇ ಬೇರೆಬೇರೆ ಹೂವಿನ ದಂಡೆಗಳು. ಆದ್ದರಿಂದ ಅವುಗಳನ್ನು ಸಂಕರಗೊಳಿಸಿದರೆ ಮೊದಲ ಪೀಳಿಗೆಯ ಸಸಿಗಳಲ್ಲೇ ಒಂದರಂತೆ ಒಂದಿರುವುದಿಲ್ಲ, ಏಕೆಂದರೆ ಕತ್ತರಿ ಬಿದ್ದದ್ದು ತಂದೆ ತಾಯಿಯರ ಹೂವಿನಲ್ಲಿ. ಕೇರಳದ ಪನ್ನಿಯೂರಿನಲ್ಲಿ ಉದಿರನ್‌ಕೊಟ್ಟ ಮತ್ತು ಚೆರಿಯಕಾಣಿಯಕ್ಕಾಡನ್ ಬಳ್ಳಿಗಳ ಸಂಕರದಿಂದ ಬಂದು 1971ರಲ್ಲಿ ಬಿಡುಗಡೆಯಾದ ಪನ್ನಿಯೂರು-1 ಹಾಗೆ ಆರಿಸಿದ ಬಳ್ಳಿ. ಅಲ್ಲಿಂದಾಚೆ ಅದು ಬಳ್ಳಿಯ ತುಂಡುಗಳಿಂದಲೇ ತೋಟದಿಂದ ತೋಟಕ್ಕೆ ಹಬ್ಬಿತು. ಒಮ್ಮೆ ಸಿಕ್ಕ ಒಳ್ಳೆಯ ಸಂಯೋಜನೆಯನ್ನು ಮತ್ತೆ ಮಿಯಾಸಿಸ್‌ನ ಬಾಯಿಗೆ ಕೊಡದಿರುವುದೂ ತಳಿ ಅಭಿವೃದ್ಧಿಯ ಭಾಗವೇ.

ಚರಿತ್ರೆಯ ಭಾಗದಲ್ಲಿ ಒಂದೇ ತಿದ್ದುಪಡಿ. ಅಡ್ಡಹಾಯುವಿಕೆಯನ್ನು ಮೆಂಡೆಲ್ ಕಂಡುಹಿಡಿದದ್ದಲ್ಲ. ಅದನ್ನು ಹಣ್ಣುನೊಣಗಳಲ್ಲಿ ಗುರುತಿಸಿ 1911ರಲ್ಲಿ ವಿವರಿಸಿದವರು ವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್. ಅದರಿಂದ ವಂಶವಾಹಿಗಳ ಮೊದಲ ನಕ್ಷೆಯನ್ನು 1913ರಲ್ಲಿ ರಚಿಸಿದವರು ಅವರ ಶಿಷ್ಯ ಸ್ಟರ್ಟೆವಂಟ್. ವರ್ಣತಂತುವಿನ ತುಂಡುಗಳು ನಿಜವಾಗಿಯೂ ಸ್ಥಳ ಬದಲಿಸುತ್ತವೆ ಎಂಬುದನ್ನು ಮೆಕ್ಕೆಜೋಳದಲ್ಲಿ 1931ರಲ್ಲಿ ಸೂಕ್ಷ್ಮದರ್ಶಕದಡಿ ತೋರಿಸಿದವರು ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್‌ಕ್ಲಿಂಟಾಕ್.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ವರ್ಣತಂತು’, ‘ಕ್ರೋಮೋಸೋಮ್’ ಎರಡರಲ್ಲಿ ಒಂದನ್ನು ಹಿಡಿದುಕೊಳ್ಳಿ. ‘ಅದ್ಭುತ’ ಎಂಬ ಪದ ಹನ್ನೊಂದು ಕಡೆ ಬಂದಿದೆ. ಹನ್ನೊಂದನ್ನೂ ತೆಗೆದು ಆ ಜಾಗದಲ್ಲಿ ಏನು ನಡೆಯಿತೆಂದು ಬರೆಯಿರಿ. ಸಂಕರಣದ ಕ್ರಮವನ್ನು ನೀವು ಪುಸ್ತಕ ನೋಡಿ ಬರೆದಂತಿದೆ. ನಾನೊಮ್ಮೆ ಹತ್ತಿರ ಕುಳಿತು ನೋಡಿದ್ದೇನೆ: ಸಂಜೆಯ ಹೊತ್ತು, ಮರುದಿನ ಅರಳಬೇಕಾದ ಹೂವಿನ ತುದಿಯನ್ನು ಸಣ್ಣ ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಒಳಗಿನ ಆರು ಪರಾಗಕೋಶಗಳನ್ನು ಒಂದೂ ಒಡೆಯದಂತೆ ಚಿಮಟದಿಂದ ಎತ್ತಿ ತೆಗೆದು, ತೆನೆಗೆ ಕಾಗದದ ಚೀಲ ತೊಡಿಸುತ್ತಾರೆ. ಮರುದಿನ ಬಿಸಿಲೇರುವ ಹೊತ್ತಿಗೆ ಇನ್ನೊಂದು ತಳಿಯ ಅರಳಿದ ತೆನೆಯನ್ನು ತಂದು ಅದರ ಮೇಲೆ ಮೆಲ್ಲನೆ ಕೊಡವುತ್ತಾರೆ. ಹಳದಿ ಧೂಳು ಇಳಿಯುವುದು ಕಣ್ಣಿಗೆ ಕಾಣುತ್ತದೆ. ನೀವೂ ಒಮ್ಮೆ ನೋಡಿ ಬನ್ನಿ, ಅನಂತರ ಬರೆಯಿರಿ.

ನಿಮ್ಮ ಆರನೆಯ ಪುಟದಲ್ಲಿ ಏಳು ಸಾಲುಗಳಿವೆ. ಕೊಯ್ಲಿನ ದಿನ ನಿಮ್ಮ ಚಿಕ್ಕಮ್ಮ ಗದ್ದೆಯಂಚಿನಲ್ಲಿ ಕುಳಿತು, ಬೀಜಕ್ಕೆಂದು ಕಗ್ಗದ ತೆನೆಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುಗಿಸಿ ನೋಡಿ, ಕೆಲವನ್ನು ಮಡಿಲಿಗೂ ಕೆಲವನ್ನು ಬದಿಗೂ ಹಾಕುತ್ತಿದ್ದ ಚಿತ್ರ. ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡು ಬರೆದದ್ದು ಅದೊಂದೇ ಭಾಗ. ಅದನ್ನು ಆರಂಭಕ್ಕೆ ತನ್ನಿ. ನೆರೆಯ ಗದ್ದೆಯ ಪರಾಗ ಅಪರೂಪಕ್ಕೆ ಬಂದು ತಾಗಿ, ಅದರ ಮುಂದಿನ ಪೀಳಿಗೆಗಳಲ್ಲಿ ಬೇರೆಯಾಗಿ ಕಾಣಿಸಿಕೊಂಡ ಗಿಡ ಸಿಕ್ಕುವುದು ಅಂಥ ಕೈಗೇ. ಚಿಕ್ಕಮ್ಮ ಬದಿಗಿಟ್ಟ ತೆನೆಗಳು ಏಕೆ ಬೇಡವಾದವು ಎಂದು ಅವರನ್ನೇ ಕೇಳಿ, ಅವರ ಮಾತಿನಲ್ಲೇ ಬರೆದು, ದಂಡೆಗಳ ಒಂದು ಚಿತ್ರದೊಂದಿಗೆ ಬರುವ ತಿಂಗಳ ಹದಿನೈದರೊಳಗೆ ಕಳುಹಿಸಿಕೊಡಿ. ಅದಕ್ಕಾಗಿ ನಾಲ್ಕು ಪುಟಗಳನ್ನು ತೆಗೆದಿಟ್ಟಿರುತ್ತೇನೆ.

ಇತಿ,
ಸಂಪಾದಕ