ಮನಸ್ಸು ಬರಲಿ ಅಂತ ಕಾಯುತ್ತಿದ್ದ ಹುಡುಗ

ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ. ಇಲ್ಲಿ ಅವನನ್ನು ಮಲ್ಲು ಅನ್ನೋಣ.

ಏಪ್ರಿಲ್ ಮೊದಲ ವಾರ ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದ. ಸಿವಿಲ್ ಇಂಜಿನಿಯರಿಂಗ್, ನಾಲ್ಕನೇ ಸೆಮಿಸ್ಟರ್. ಹಿಂದಿನದ್ದೆಲ್ಲ ಸೇರಿ ಐದು ವಿಷಯ ಪಾಸಾಗದೆ ಬ್ಯಾಕ್ ಉಳಿದಿದ್ದವು. ಊರು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ, ಇಲ್ಲಿ ಕಲಬುರಗಿಯಲ್ಲಿ ಇಬ್ಬರು ಗೆಳೆಯರ ಜೊತೆ ಬಾಡಿಗೆ ರೂಮು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಕೂತವನು ಹೇಳಿದ್ದು ಇಷ್ಟೇ: “ಓದಬೇಕಂತ ಕೂಡ್ತೀನ್ರಿ ಮೇಡಂ, ಮನಸ್ಸೇ ಬರವಲ್ದು. ಮನಸ್ಸು ಬರಂಗ ಏನರ ಹೇಳ್ರಿ.”

ಅವತ್ತು ನಾನೇ ತಪ್ಪು ಮಾಡಿದೆ. ಟೈಮ್‌ಟೇಬಲ್ ಹಾಕಿಕೊಟ್ಟು ಕಳಿಸಿದೆ. ಒಂದು ವಾರ ಬಿಟ್ಟು ಅದನ್ನು ನೀಟಾಗಿ ಮಡಚಿಕೊಂಡು ವಾಪಸ್ ತಂದ. ಒಂದು ದಿನವೂ ನಡೆದಿರಲಿಲ್ಲ.

ಎರಡನೇ ಸಲ ಬೇರೆ ಪ್ರಶ್ನೆ ಕೇಳಿದೆ. “ಪುಸ್ತಕ ತೆಗೆದ ಮೇಲೆ ಮೊದಲ ಐದು ನಿಮಿಷ ಏನಾಗುತ್ತೆ?” ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, “ಅಪ್ಪನ ಮುಖ ಕಾಣ್ತದ್ರಿ” ಅಂದ.

ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ತೊಗರಿ ರಾಶಿ ಮಾಡಿ ಮಾರಿದ ರೊಕ್ಕದಲ್ಲಿ ಫೀಸು ಕಟ್ಟಿದ್ದರು. ಪ್ರತಿ ಭಾನುವಾರ ಫೋನು. “ಎಲ್ಲಾ ಛಲೋ ನಡದದಪ್ಪಾ” ಅಂತ ಇವನ ಉತ್ತರ. ಪುಸ್ತಕ ತೆಗೆದ ಕೂಡಲೇ ಆ ಸುಳ್ಳು ನೆನಪಾಗುತ್ತಿತ್ತು. ಹೊಟ್ಟೆಯಲ್ಲಿ ಏನೋ ಸಂಕಟ. ಮೊಬೈಲ್ ಹಿಡಿದರೆ ಅದು ಅಷ್ಟು ಹೊತ್ತು ಮರೆಯುತ್ತಿತ್ತು. ಇದಕ್ಕೆ ಜನ ಸೋಮಾರಿತನ ಅನ್ನುತ್ತಾರೆ. ಅವನೂ ಹಾಗೇ ಅಂದುಕೊಂಡಿದ್ದ.

ನಿದ್ದೆ, ಊಟದ ಬಗ್ಗೆ ಕೇಳಿದೆ. ಸಾಯುವ ಯೋಚನೆ ಬಂದಿದೆಯಾ ಅಂತಲೂ ನೇರವಾಗೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಅಂತ ಎಷ್ಟೋ ಮೇಷ್ಟ್ರುಗಳೂ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಮಲ್ಲುಗೆ ಆ ಯೋಚನೆ ಇರಲಿಲ್ಲ, ಎಲ್ಲಾ ಬಿಟ್ಟು ಪುಣೆಗೆ ದುಡಿಯಲು ಹೋಗಬೇಕು ಅನಿಸುತ್ತಿತ್ತಂತೆ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಅವನ ಮೊಬೈಲಿಗೆ ಹಾಕಿಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾನು ಕೊಟ್ಟ ಮೊದಲ ಸಲಹೆ ಓದಿನದ್ದಲ್ಲ. ಅಪ್ಪನಿಗೆ ಹೇಳು, ಫೋನಿನಲ್ಲಿ ಬೇಡ, ಊರಿಗೆ ಹೋಗಿ ಹೇಳು ಅಂದೆ. ನನ್ನ ಕೋಣೆಯಲ್ಲೇ ತಾಲೀಮು ನಡೆಯಿತು. ನಾನು ಅಪ್ಪ, ಅವನು ಮಗ. ಎರಡು ಸಲ ಮಧ್ಯದಲ್ಲೇ ನಿಲ್ಲಿಸಿಬಿಟ್ಟ. ಮೂರನೇ ಸಲ “ಐದು ಉಳದಾವಪ್ಪಾ, ನಿನಗ ಸುಳ್ಳ ಹೇಳೀನಿ” ಅಂತ ಪೂರ್ತಿ ಹೇಳಿದ. ಶನಿವಾರ ಬಸ್ ಹತ್ತಿದ. ಅಪ್ಪ ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, “ಮದ್ಲs ಯಾಕ ಹೇಳ್ಲಿಲ್ಲ?” ಅಂದರಂತೆ. ಅಷ್ಟೇ. ಎಲ್ಲ ಅಪ್ಪಂದಿರೂ ಹೀಗಿರುವುದಿಲ್ಲ, ನನಗೆ ಗೊತ್ತು. ಕೈ ಎತ್ತುವವರಿದ್ದರೆ ಮೊದಲು ಸೋದರಮಾವನನ್ನೋ ಕಾಕಾನನ್ನೋ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ ಅಂತ ಹೇಳುತ್ತೇನೆ.

ಓದಿನ ಮಾತು ಬಂದದ್ದು ಇದಾದ ಮೇಲೆ. ಅವನ ರೂಮಿಗೆ ತಗಡಿನ ಮಾಡು. ಮಧ್ಯಾಹ್ನ ಅಲ್ಲಿ ಕೂತು ಓದು ಅನ್ನುವುದು ಹಿಂಸೆ. ಏಪ್ರಿಲ್, ಮೇನಲ್ಲಿ ಬಿಸಿಲಿಗೆ ನಮ್ಮ ಕಲಬುರಗಿ ಕಡೆಯ ಸರ್ಕಾರಿ ಆಫೀಸುಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ, ಅಲ್ವಾ? ಹಾಗಾಗಿ ಬೆಳಿಗ್ಗೆ ಐದಕ್ಕೆ ಏಳುವುದು, ಚಹಾ ಕುಡಿದ ಲೋಟ ಕೆಳಗಿಟ್ಟ ಕೂಡಲೇ ಒಂದೇ ಒಂದು ಲೆಕ್ಕ ಮಾಡುವುದು, ಮನಸ್ಸು ಬಂದರೂ ಸರಿ ಬರದಿದ್ದರೂ ಸರಿ. ಲೆಕ್ಕ ತಪ್ಪಾದರೂ ನಡೆಯುತ್ತೆ. ಮೊದಲ ವಾರ ಐದು ದಿನ ಮಾಡಿದ.

ಇನ್ನೊಂದು ತೊಡಕು ಇಂಗ್ಲಿಷ್. ಅರ್ಥವಾಗದ ಸಾಲುಗಳನ್ನೇ ಮತ್ತೆ ಮತ್ತೆ ಓದುತ್ತಿದ್ದ, ಹೈಲೈಟರ್ ಎಳೆಯುತ್ತಿದ್ದ. ರೋಡಿಗರ್, ಕಾರ್ಪಿಕೆ ಅನ್ನುವ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಐದು ನಿಮಿಷದ ನಂತರ ಪರೀಕ್ಷೆ ಕೊಟ್ಟಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ, ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು. ಹಾಗಾಗಿ ಅವನಿಗೆ ಹೇಳಿದೆ: ನನಗೆ ಇಂಜಿನಿಯರಿಂಗ್ ಗೊತ್ತಿಲ್ಲ, ಪುಸ್ತಕ ಮುಚ್ಚಿ ನನಗೆ ಹೇಳಿಕೊಡು. ಬೆಂಡಿಂಗ್ ಮೊಮೆಂಟ್ ಅಂದರೇನು?

ಇಂಗ್ಲಿಷಿನಲ್ಲಿ ಒಂದು ಸಾಲು ಶುರು ಮಾಡಿ ನಿಂತ. ನಿನ್ನ ಭಾಷೆಯಲ್ಲೇ ಹೇಳಪ್ಪಾ ಅಂದೆ. ಹಾಳೆ ಎಳೆದುಕೊಂಡು ಎರಡು ಗೋಡೆ, ಮೇಲೊಂದು ಅಡ್ಡಗೆರೆ ಬರೆದ. “ಇದು ನಮ್ಮ ಮನಿ ತೊಲಿ ಅಂತ ತಿಳೀರಿ. ಮಾಳಿಗಿ ಮ್ಯಾಗಿನ ಮಣ್ಣು ಯುಡಿಎಲ್, ಅಂದ್ರ ತೊಲಿ ತುಂಬ ಸಮನಾಗಿ ಬೀಳೋ ಭಾರ. ಗ್ವಾಡಿ ಎರಡೂ ಸಪೋರ್ಟ್. ತೊಲಿ ನಡುವ ಬಗ್ತದ, ಬಗ್ಗಸೋ ಮೊಮೆಂಟ್ ಅಲ್ಲೇ ಜಾಸ್ತಿ, ಸೂತ್ರ ಡಬ್ಲ್ಯು ಎಲ್ ಸ್ಕ್ವೇರ್ ಬೈ 8.” ಪೆನ್ನು ನಿಂತಿತು. “ಅದಕ್ಕs ನಮ್ಮ ಮುತ್ಯಾ ನಡುವ ಕಂಬ ಕೊಟ್ಟಾನ!” ನಕ್ಕ. ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಐದೂ ವಿಷಯ ಒಟ್ಟಿಗೆ ಬೇಡ, ಎರಡು ಹಿಡಿ ಅಂದೆ. ಅವನ ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್ ಅಂದರೆ ಭಾಗ, ಒಂದೊಂದರಲ್ಲಿ ಎರಡು ಪ್ರಶ್ನೆ, ಉತ್ತರ ಒಂದಕ್ಕೆ. ಮೂರು ಮಾಡ್ಯೂಲ್ ಗಟ್ಟಿ ಮಾಡಿದರೆ ಪಾಸು ಕೈಗೆಟುಕುತ್ತೆ ಅಂತ ಅವನೇ ಲೆಕ್ಕ ಹಾಕಿದ.

ಆ ತೊಲೆ ಲೆಕ್ಕದ ವಿಷಯ, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಪಾಸಾಯಿತು. ಗಣಿತ ಮತ್ತೆ ಹೋಯಿತು. ಆ ವಾರ ಬೆಳಿಗ್ಗೆಯ ಲೆಕ್ಕವೂ ನಿಂತಿತ್ತು, ನನ್ನ ಹತ್ತಿರವೂ ಬರಲಿಲ್ಲ. ನಾನೇ ಫೋನು ಮಾಡಿದೆ. ಈಗ ಗಣಿತಕ್ಕೆ ಮತ್ತೆ ಪರೀಕ್ಷೆ ಫಾರಂ ತುಂಬಿದ್ದಾನೆ. ರೊಕ್ಕ ಅಪ್ಪನೇ ಕಳಿಸಿದರು, ಯಾವ ವಿಷಯಕ್ಕೆ ಅಂತ ಕೇಳಿಕೊಂಡು.