ಮೀನಿನ ಕರೆಗಂಟೆಯೂ ಜಮಖಂಡಿಯ ಗ್ರಹಣವೂ

ಓದುಗರ ಪತ್ರ: “ಸಂಪಾದಕರ, ನಿಮ್ಮ ‘ಬಲೆಗೆ ಬಿದ್ದದ್ದು’ ಪುಟಾ ತಪ್ಪದ ಓದತೀನಿ. ಮೊಬೈಲಿನ್ಯಾಗ ಬಂದ ಚಲೋ ಚಲೋ ಸುದ್ದಿ ನಾನೂ ಕಳಿಸೀನಿ. ದೀಪಾವಳಿ ರಾತ್ರಿ ನಾಸಾದವರು ಮ್ಯಾಲಿಂದ ತಗದ ಭಾರತದ ಫೋಟೋ ಕಳಿಸಿದೆ, ಹಾಕಲಿಲ್ಲ. ನಮ್ಮ ಗೋಳಗುಮ್ಮಟ ಜಗತ್ತಿನ್ಯಾಗ ಎರಡನೇ ದೊಡ್ಡ ಗುಮ್ಮಟ ಅಂತ ಕಳಿಸಿದೆ, ಅದನ್ನೂ ಹಾಕಲಿಲ್ಲ. ಹಾಲೆಂಡಿನ್ಯಾಗ ಮೀನಕ್ಕ ಕರೆಗಂಟಿ ಹಚ್ಚ್ಯಾರ ಅಂತ ಅರ್ಧ ಪುಟಾ ಹಾಕೀರಿ! ಅದು ಖರೇ ಅಂತ ನಿಮಗ ಯಾರು ಹೇಳಿದ್ರು? ನಮ್ಮ ಕಡೀದು ಏನೂ ಸಿಗೂದಿಲ್ಲೇನು?” ಜಮಖಂಡಿಯ ಹಿರಿಯ ಓದುಗರೊಬ್ಬರು

ಸಂಪಾದಕರ ಉತ್ತರ:

ಹಿರಿಯರೇ, ಸಿಟ್ಟು ಬಂದರೂ ಪುಟ ಓದೋದು ಬಿಟ್ಟಿಲ್ಲವಲ್ಲ, ಅದಕ್ಕೆ ಮೊದಲು ನಮಸ್ಕಾರ.

ಮೀನಿನಿಂದಲೇ ಶುರು ಮಾಡೋಣ. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ಊರಿನ ಕಾಲುವೆಯಲ್ಲಿ ದೋಣಿ ದಾಟಿಸಲು ಒಂದು ಹಳೆಯ ಗೇಟು ಇದೆ. ವಸಂತದಲ್ಲಿ ದೋಣಿಗಳ ಓಡಾಟ ಕಡಿಮೆ, ಹಾಗಾಗಿ ಗೇಟು ಮುಚ್ಚಿರುತ್ತದೆ. ಆದರೆ ಮೀನುಗಳು ಮೊಟ್ಟೆ ಇಡಲು ಮೇಲಕ್ಕೆ ಹೊರಡುವುದೂ ಅದೇ ಹೊತ್ತಿಗೆ. ಗೇಟಿನ ಮುಂದೆ ಗುಂಪುಗೂಡಿ ಕಾಯುತ್ತವೆ, ಹಕ್ಕಿಗಳ ಬಾಯಿಗೆ ಬೀಳುತ್ತವೆ. ಅದಕ್ಕೆ 2021ರಿಂದ ನೀರಿನೊಳಗೆ ಒಂದು ಕ್ಯಾಮೆರಾ ಇಟ್ಟಿದ್ದಾರೆ. ನೀವು ಜಮಖಂಡಿಯಲ್ಲಿ ಕೂತು ನೋಡಬಹುದು. ಮೀನು ಕಂಡರೆ ಬಟನ್ ಒತ್ತಬೇಕು. ಗೇಟು ಕಾಯುವವನಿಗೆ ಸುದ್ದಿ ಹೋಗುತ್ತದೆ, ಮೀನು ಸಾಕಷ್ಟು ಸೇರಿದ್ದರೆ ಅವನು ಬಾಗಿಲು ತೆರೆಯುತ್ತಾನೆ.

ಖರೇ ಅಂತ ಯಾರೂ ಹೇಳಲಿಲ್ಲ, ಹೋಗಿ ನೋಡಿದೆ. ಹೆಚ್ಚಿನ ಹೊತ್ತು ಹಸಿರು ನೀರು ಬಿಟ್ಟರೆ ಏನೂ ಕಾಣುವುದಿಲ್ಲ. ನನಗೆ ನಂಬಿಕೆ ಹುಟ್ಟಿದ್ದೇ ಅದರಿಂದ. ಸುಳ್ಳು ಸುದ್ದಿಯಲ್ಲಿ ಬೇಸರವೇ ಇರೋದಿಲ್ಲ ನೋಡಿ! ಇನ್ನು ಕೃಷ್ಣೆಗೆ ಅಡ್ಡಲಾಗಿ ಹಿಪ್ಪರಗಿಯಲ್ಲಿ ಬ್ಯಾರೇಜು, ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಿಕೊಂಡು ಕೂತ ನಮಗೆ ಗೇಟಿನ ಮುಂದೆ ಕಾಯುವ ಮೀನಿನ ಕಥೆ ಅಷ್ಟೇನೂ ದೂರದ್ದಲ್ಲ, ಅಲ್ವಾ?

ದೀಪಾವಳಿ ಫೋಟೋ ಪ್ರತಿ ವರ್ಷ ಹಬ್ಬದ ಉಂಡೆ, ಚಕ್ಕುಲಿ ಜೊತೆಗೇ ಬರುತ್ತದೆ. ಅದು ಒಂದು ರಾತ್ರಿ ತೆಗೆದ ಫೋಟೋನೇ ಅಲ್ಲ. ಅಮೆರಿಕದ ಹವಾಮಾನ ಉಪಗ್ರಹಗಳು ಹಲವು ವರ್ಷ ತೆಗೆದ ಚಿತ್ರಗಳನ್ನು ಒಬ್ಬ ವಿಜ್ಞಾನಿ ಒಂದರ ಮೇಲೊಂದು ಕೂಡಿಸಿ ಮಾಡಿದ ನಕ್ಷೆ. ಬಿಳಿ ಅಂದರೆ 1992ಕ್ಕೂ ಮೊದಲೇ ಇದ್ದ ದೀಪಗಳು. ನೀಲಿ 1992ರಲ್ಲಿ, ಹಸಿರು 1998ರಲ್ಲಿ, ಕೆಂಪು 2003ರಲ್ಲಿ ಹೊಸದಾಗಿ ಕಂಡವು. ಊರುಗಳು ಹೇಗೆ ಬೆಳೆದವು ಅಂತ ತೋರಿಸಲು ಮಾಡಿದ್ದು. 2012ರ ದೀಪಾವಳಿಯ ನಿಜವಾದ ಚಿತ್ರವನ್ನು ನಾಸಾ ಆಮೇಲೆ ಪ್ರಕಟಿಸಿತು. ಅದು ಬೇರೆ ಯಾವ ರಾತ್ರಿಯ ಚಿತ್ರದಂತೆಯೇ ಇದೆ. ನಮ್ಮ ಹಣತೆಗಳ ಬೆಳಕು ಊರಿನ ದಿನನಿತ್ಯದ ದೀಪಗಳ ಮುಂದೆ ಅಷ್ಟು ಸಣ್ಣದು.

ಗೋಳಗುಮ್ಮಟದ ಲೆಕ್ಕಕ್ಕೆ ಬಂದರೆ, ‘ಎರಡನೇದು’ ಅನ್ನೋರು ಎಲ್ಲಿಂದ ಎಲ್ಲಿಗೆ ಅಳೆದರು ಅಂತ ಹೇಳುವುದೇ ಇಲ್ಲ. ಹೊರಗಿನ ಅಡ್ಡಳತೆ ಸುಮಾರು 44 ಮೀಟರ್. ರೋಮಿನ ಹಳೆಯ ಗುಡಿ ಪ್ಯಾಂಥಿಯನ್‌ನ ಗುಮ್ಮಟದ ಒಳಗಿನ ಅಡ್ಡಳತೆಯೇ 43 ಮೀಟರ್ ದಾಟುತ್ತದೆ. ಸಿಂಗಪುರದ ಕ್ರೀಡಾಂಗಣದ ಗುಮ್ಮಟ 310 ಮೀಟರ್. ಎರಡನೇ ಸ್ಥಾನ ಕೈ ತಪ್ಪಿದ್ದಕ್ಕೆ ನಾನಂತೂ ಒಂದು ಹೊತ್ತಿನ ಊಟ ಬಿಡಲಾರೆ. ಒಂದೂ ಕಂಬವಿಲ್ಲದ ಚೌಕ ಕೋಣೆಯ ಮೇಲೆ ಅಷ್ಟು ದೊಡ್ಡ ಭಾರ ಕೂತಿದೆ. ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಆ ಭಾರ ಹೊತ್ತಿವೆ. ಗುಮ್ಮಟ ಗೋಡೆಯನ್ನು ಹೊರಗೆ ತಳ್ಳಲು ನೋಡಿದರೆ, ಕಮಾನುಗಳ ನಡುವಿನ ತೂಕ ಒಳಕ್ಕೆ ಎಳೆಯುತ್ತದೆ. ಇದನ್ನು ಬರೆದು ಕಳಿಸಿ, ಒಂದು ಪುಟ ಪೂರ್ತಿ ಕೊಡುತ್ತೇನೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ನಮ್ಮ ಕಡೆಯದು ಏನೂ ಸಿಗೋದಿಲ್ಲವೇ ಅಂದಿರಿ. ಅದೂ ಜಮಖಂಡಿಯವರು!

ಹೀಲಿಯಂ ಗುಂಟೂರಿನಲ್ಲಿ ಪತ್ತೆಯಾಯಿತು ಅನ್ನುವ ಸಂದೇಶ ನಿಮಗೂ ಬಂದಿರಬೇಕು. ಬಲೂನಿಗೆ ತುಂಬುವ ಅನಿಲ. ಅದರ ಜಾಡು ಹಿಡಿದು ಹೊರಟೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಗುಂಟೂರಿಗೆ ಬಂದು ನೋಡಿದ್ದು ನಿಜ. ಆದರೆ ಗ್ರಹಣದ ನೆರಳು ಬರೀ ಗುಂಟೂರಿನ ಮೇಲೆ ಬೀಳಲಿಲ್ಲ. ಅಲ್ಲಿಗೆ ಹೋಗುವ ಮೊದಲು ನಮ್ಮ ಮೇಲೆ ಹಾದುಹೋಯಿತು. ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ ಕಳಿಸಿದ ಉಪಕರಣ ಇಟ್ಟುಕೊಂಡು ಅವತ್ತು ನಿಮ್ಮ ಜಮಖಂಡಿಯಲ್ಲಿ ಕಾದು ಕೂತಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. 1781ರಲ್ಲಿ ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ. ಇಲ್ಲಿ ಭೂಮಾಪನ ಇಲಾಖೆಯ ನೌಕರಿಯಲ್ಲಿದ್ದ.

ಮಳೆಗಾಲದ ಮೋಡ. ಆಗಾಗ ಸೂರ್ಯ ಮರೆಯಾಗುತ್ತಿದ್ದ. ಮೋಡ ಸರಿದ ಸಣ್ಣ ಹೊತ್ತಿನಲ್ಲೇ ಅವನು ಚಂದ್ರನ ಅಂಚಿನಾಚೆ ಚಾಚಿದ್ದ ಕೆಂಪು ನಾಲಿಗೆಯೊಂದರ ಮೇಲೆ ಉಪಕರಣ ತಿರುಗಿಸಿದ. ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ತೋರಿಸುವ ಉಪಕರಣ ಅದು. ಮೂರು ಹೊಳೆಯುವ ಗೆರೆಗಳು ಕಂಡವು: ಕೆಂಪು, ಕಿತ್ತಳೆ, ನೀಲಿ. ಬಿಡಿ ಬಿಡಿ ಗೆರೆ ಕಂಡಿತು ಅಂದರೆ ಆ ನಾಲಿಗೆಗಳು ಬಿಸಿ ಅನಿಲ ಅಂತ ಅರ್ಥ. ಅದು ಅಲ್ಲಿಯವರೆಗೆ ಖಾತ್ರಿಯಾಗಿರಲಿಲ್ಲ. ಒಂದೊಂದು ವಸ್ತುವಿನ ಬೆಳಕಿಗೂ ತನ್ನದೇ ಗೆರೆಗಳು. ಕಿತ್ತಳೆ ಗೆರೆ ಸೋಡಿಯಂನದು, ಅನುಮಾನವೇ ಇಲ್ಲ ಅಂತ ಹರ್ಷೆಲ್ ಬರೆದ. ಅದೇ ಹೊತ್ತಿಗೆ ಇಲ್ಲಿ ನಮ್ಮ ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್ ಎಂಬ ಅಧಿಕಾರಿ ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣದಲ್ಲಿ ನೋಡಿ, ಎರಡು ಪಟ್ಟಿ ಕಂಡೆ, ಒಂದು ಗುಲಾಬಿ ಕೆಂಪು, ಇನ್ನೊಂದು ತಿಳಿ ಹೊನ್ನಿನ ಬಣ್ಣ ಅಂತ ವರದಿ ಮಾಡಿದ.

ಹರ್ಷೆಲ್‌ನ ಕಿತ್ತಳೆ, ಹೇಗ್‌ನ ಹೊನ್ನು ಎರಡೂ ಒಂದೇ ಗೆರೆ. ಅದು ಸೋಡಿಯಂನದಲ್ಲ, ಅದರ ಪಕ್ಕದ್ದು ಅಂತ ಅದೇ ವರ್ಷ ಲಂಡನ್ನಿನಲ್ಲಿ ಲಾಕಿಯರ್ ಎಂಬ ಖಗೋಳ ವಿಜ್ಞಾನಿ ಅಳೆದು ತೋರಿಸಿದ. ಅದೇ ಹೀಲಿಯಂನ ಗೆರೆ. ಭೂಮಿಯ ಮೇಲೆ ಹೀಲಿಯಂ ಕೈಗೆ ಸಿಕ್ಕಿದ್ದು 1895ರಲ್ಲಿ, ರಸಾಯನ ವಿಜ್ಞಾನಿ ರಾಮ್ಸೆಗೆ. ಹಾಗಾಗಿ ಹೀಲಿಯಂ ಜಮಖಂಡಿಯಲ್ಲಿ ಪತ್ತೆಯಾಯಿತು ಅಂತ ನಾಳೆ ಎಲ್ಲರಿಗೂ ಕಳಿಸಬೇಡಿ, ದಯವಿಟ್ಟು. ಅದರ ಬೆಳಕನ್ನು ಹೆಸರು ಗೊತ್ತಿಲ್ಲದೆ ನೋಡಿದ ಮೊದಲ ಕೆಲವರಲ್ಲಿ ಇಬ್ಬರು ನಮ್ಮ ನೆಲದ ಮೇಲೆ ನಿಂತಿದ್ದರು. ಅಷ್ಟು ಹೇಳಬಹುದು. ಅಷ್ಟೇ ಸಾಕಷ್ಟು ದೊಡ್ಡದು.

ಹರ್ಷೆಲ್‌ನ ವರದಿ ರಾಯಲ್ ಸೊಸೈಟಿಯ ಹಳೆಯ ಸಂಚಿಕೆಯಲ್ಲಿದೆ. ತನ್ನ ಹಳೆಯ ಸಂಚಿಕೆಗಳನ್ನೆಲ್ಲ ಅದು 2011ರಿಂದ ದುಡ್ಡಿಲ್ಲದೆ ಓದಲು ಬಿಟ್ಟಿದೆ. ಹುಡುಕುವಾಗ ಒಂದು ಉಪಾಯ ಬೇಕು. ವಿಜಯಪುರ ಅಂತ ಹಾಕಿದರೆ ಏನೂ ಸಿಗದು. ಇಂಗ್ಲಿಷಿನಲ್ಲಿ ಬಿ ಆದ ಮೇಲೆ ಎರಡು ಇ, ಪಿ ಆದ ಮೇಲೆ ಎರಡು ಓ ಹಾಕಿ ಬಿಜಾಪುರ ಅಂತ ಬರೆಯಬೇಕು. ಆಗಿನವರು ಬರೆಯುತ್ತಿದ್ದದ್ದು ಹಾಗೆ. ಬಾಗಲಕೋಟೆ ಕಡೆಯದಕ್ಕೆ ಕಲಾದಗಿ ಅಂತ ಹುಡುಕಿ. ಜಿಲ್ಲಾ ಕಚೇರಿ 1885ರಲ್ಲಿ ಬಿಜಾಪುರಕ್ಕೆ ಬರುವವರೆಗೆ ಅದೇ ಜಿಲ್ಲೆಯ ಹೆಸರು. ಮೊಮ್ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ, ಬೇಗ ಸಿಗುತ್ತದೆ.

ನೀವು ಇನ್ನು ಮೇಲೂ ಕಳಿಸಬೇಕು. ಯಾರೋ ಕಳಿಸಿದ ಚಿತ್ರ ಒಂದೇ ಸಾಲದು, ಅದು ಮೊದಲು ಎಲ್ಲಿ ಬಂತೋ ಆ ಪುಟದ ಲಿಂಕ್ ಇರಲಿ. ಗ್ರಹಣದ ಕಥೆಯನ್ನು ವಿವರವಾಗಿ ಮುಂದೆ ಬರೆಯುವ ಯೋಚನೆ ಇದೆ. ಅದಕ್ಕೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಆಗ ಜಮಖಂಡಿ ಪಟವರ್ಧನರ ಸಂಸ್ಥಾನ. ಬಂದ ಸಾಹೇಬನ ಡೇರೆಗೆ, ಬಂಡಿಗೆ, ಆಳುಗಳಿಗೆ ಸಂಸ್ಥಾನದಿಂದ ಖರ್ಚು ಬಿದ್ದಿರಬಹುದು. ನಿಮ್ಮ ಓಣಿಯಲ್ಲಿ ಹಳೆಯ ಕಾರಕೂನರ ಮನೆತನದವರು ಯಾರಾದರೂ ಇದ್ದರೆ, ಅಟ್ಟದ ಮೇಲೆ 1868ರ ದಫ್ತರ ಉಳಿದಿದೆಯೇ ಅಂತ ಒಂದು ಮಾತು ಕೇಳಿ. ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿದ್ದರೂ ಚಿಂತೆಯಿಲ್ಲ, ಓದುವವರನ್ನು ನಾವು ಕರೆತರುತ್ತೇವೆ.