ಅವರು ಕೇಳಿದ್ದು ಜಾಸ್ತಿಯೇನೂ ಆಗಿರಲಿಲ್ಲ

ಆಫ್ರಿಕಾದ ಕಾದಂಬರಿಗಳಲ್ಲಿ ಸ್ವಾತಂತ್ರ್ಯಕ್ಕೆ ದುಡಿದ ಸಾಮಾನ್ಯ ಕಾರ್ಯಕರ್ತರೆಲ್ಲ ಕೊನೆಗೆ ಕೈಚೆಲ್ಲಿ ಕೂರುತ್ತಾರೆ, ಅವರು ಅತಿಯಾಗಿ ಆಸೆ ಪಟ್ಟಿದ್ದೇ ತಪ್ಪಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಅವರು ಕೇಳಿದ್ದು ಒಂದು ತುಂಡು ಜಮೀನು, ಕೈಗೆ ಪೂರ್ತಿ ಬರುವ ಸಂಬಳ. ಅದನ್ನೂ ಕೊಡದೆ ಹೋದವರು ಅವರೇ ಹೊತ್ತು ಮೆರೆಸಿದ ನಾಯಕರು.

ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ಅವರ 'ಎ ಗ್ರೇನ್ ಆಫ್ ವೀಟ್' (1967) ನೋಡಿ. ಅದರಲ್ಲಿ ಗಿಕೊನ್ಯೊ ಅಂತ ಒಬ್ಬ ಬಡಗಿ. ಬ್ರಿಟಿಷರ ಬಂಧನ ಶಿಬಿರಗಳಲ್ಲಿ ಆರು ವರ್ಷ ಕಳೆದು ಬಂದವನು. ದೇಶ ಬಿಡುತ್ತಿರುವ ಬಿಳಿಯನೊಬ್ಬನ ತೋಟವನ್ನು ಊರಿನ ಕೆಲವರ ಜೊತೆ ಸೇರಿ ಕೊಳ್ಳಬೇಕು ಅಂತ ಅವನ ಆಸೆ. ಸಾಲಕ್ಕಾಗಿ ನೈರೋಬಿಗೆ ಹೋಗಿ ತಮ್ಮ ಎಂ.ಪಿ.ಯ ಆಫೀಸಿನ ಮುಂದೆ ಜನರ ಜೊತೆ ಕಾಯುತ್ತಾನೆ. ಆತ ತಡವಾಗಿ ಬಂದು ಭರವಸೆ ಕೊಟ್ಟು ಕಳಿಸುತ್ತಾನೆ. ಆಮೇಲೆ ನೋಡಿದರೆ ತೋಟ ಕೊಂಡವನು ಅದೇ ಎಂ.ಪಿ.!

ಇದು ಸುಮ್ನೆ ಕಟ್ಟಿದ ಕಥೆಯಲ್ಲ. 1950ರ ದಶಕದಲ್ಲಿ ಬ್ರಿಟಿಷರ ವಿರುದ್ಧ ಶಸ್ತ್ರ ಹಿಡಿದ ಕೀನ್ಯಾದ ಮೌ ಮೌ ಹೋರಾಟಗಾರರು ಶಿಬಿರಗಳಲ್ಲಿದ್ದಾಗಲೇ ಊರಲ್ಲಿ ಜಮೀನುಗಳನ್ನು ಹೊಸದಾಗಿ ಅಳೆದು ಹಂಚಿದರು. ಎಷ್ಟೋ ಜನ ವಾಪಸ್ ಬರುವಷ್ಟರಲ್ಲಿ ಅವರ ಪಾಲು ಬ್ರಿಟಿಷರ ಪರ ಇದ್ದವರ ಹೆಸರಿಗಾಗಿತ್ತು. 1963ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಬಿಳಿಯರ ಜಮೀನು ದುಡ್ಡಿಗೇ ಮಾರಾಟವಾಯಿತು. ಶಿಬಿರದಿಂದ ಬಂದವರ ಹತ್ತಿರ ದುಡ್ಡೆಲ್ಲಿತ್ತು? ಮೌ ಮೌ ಮೇಲಿನ ನಿಷೇಧವನ್ನು ತೆಗೆದದ್ದೇ 2003ರಲ್ಲಿ. ನನಗೆ ಈಗಲೂ ಸಿಟ್ಟು ಬರುವ ಸಂಗತಿ ಇದು.

ಘಾನಾದಲ್ಲೂ ಹಾಗೇ. 1950ರ ಸ್ವಾತಂತ್ರ್ಯ ಚಳವಳಿಯಲ್ಲಿ, ಮುಂದೆ ದೇಶದ ಮೊದಲ ಅಧ್ಯಕ್ಷರಾದ ಎನ್‌ಕ್ರುಮಾ ಬೆನ್ನಿಗೆ ನಿಂತವರಲ್ಲಿ ಸೆಕೊಂಡಿ-ಟಕೊರಾಡಿಯ ರೈಲ್ವೆ ಕಾರ್ಮಿಕರು ಮುಂದಿದ್ದರು. 1961ರಲ್ಲಿ ಕಡ್ಡಾಯ ಉಳಿತಾಯ ಅಂತ ಸಂಬಳಕ್ಕೆ ಕತ್ತರಿ ಬಿದ್ದಾಗ ಅವರೇ ಮುಷ್ಕರ ಮಾಡಿದರು. ಮುಂದಾಳುಗಳನ್ನು ವಿಚಾರಣೆಯಿಲ್ಲದೆ ಒಳಗೆ ಹಾಕಿದ್ದು ಎನ್‌ಕ್ರುಮಾ ಸರ್ಕಾರವೇ.

ಆದರೆ ಎಲ್ಲರೂ ಕೈಚೆಲ್ಲಿ ಕೂತರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೀನ್ಯಾದ ಲಿಮುರು ಹತ್ತಿರ ಕಮಿರೀಥು ಅಂತ ಹಳ್ಳಿ. 1977ರಲ್ಲಿ ಅಲ್ಲಿನ ರೈತರು, ಕೂಲಿಯವರು, ಕಾರ್ಖಾನೆ ಕೆಲಸಗಾರರು ತಾವೇ ಬಯಲು ರಂಗಮಂದಿರ ಕಟ್ಟಿದರು. ಬಡವನ ಜಮೀನು ನುಂಗುವ ಹೊಸ ಸಾಹುಕಾರರ ಬಗ್ಗೆ ತಮ್ಮದೇ ಗಿಕುಯು ಭಾಷೆಯಲ್ಲಿ ನಾಟಕ ಆಡಿದರು. ಸರ್ಕಾರ ನಾಟಕದ ಪರವಾನಗಿ ಕಿತ್ತುಕೊಂಡಿತು. ಅದನ್ನು ಬರೆದವರಲ್ಲಿ ಒಬ್ಬರಾದ ಗೂಗಿಯನ್ನು ಸುಮಾರು ಒಂದು ವರ್ಷ ಜೈಲಿನಲ್ಲಿಟ್ಟಿತು. ಮುರಿದು ಹೋದವರಿಗೆ ಯಾವ ಸರ್ಕಾರ ಇಷ್ಟು ಹೆದರುತ್ತೆ, ಅಲ್ವಾ? ಕೆಲವು ವರ್ಷಗಳಲ್ಲೇ ಆ ತಂಡ ಇನ್ನೊಂದು ನಾಟಕದ ತಾಲೀಮಿಗೆ ಇಳಿಯಿತು. ತಾಲೀಮು ನೋಡಲೇ ಜನ ಕಿಕ್ಕಿರಿದು ಬಂದರು. 1982ರಲ್ಲಿ ಪೊಲೀಸರು ಬಂದು ಕಮಿರೀಥುವಿನ ರಂಗಮಂದಿರವನ್ನು ಕೆಡವಿ ಹಾಕಿದರು.